ಒಂಟಿಕಲ್ಲು ದಿಣ್ಣೆಯ ಥರ್ಡ್ ಗೇರು

ಸಿದ್ದರಾಮುವಿನ ಹೊಟ್ಟೆಗೆ ಬೆಂಕಿ ಬಿದ್ದದ್ದು ಒಂದು ಹಾರನ್ನಿನಿಂದ. ಅದೂ ತನ್ನ ಗಾಡಿಯದಲ್ಲ, ಷಡ್ಡಕ ಕಾಳಯ್ಯನ ಗಾಡಿಯದು.

ಬೆಳಗಿನ ಹೊತ್ತು. ಕೂಟಗಲ್ಲಿನಿಂದ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದ ಸಿದ್ದರಾಮುವಿನ ಹಳೇ ಪಿಕಪ್ಪು ಒಂಟಿಕಲ್ಲು ದಿಣ್ಣೆಯ ಏರಿನ ನಟ್ಟನಡುವೆ, ಫಸ್ಟ್ ಗೇರಿನಲ್ಲಿ, ಈಯಲಿರುವ ಎಮ್ಮೆಯ ಹಾಗೆ ನರಳುತ್ತಿತ್ತು. ಒಂಟಿಕಲ್ಲು ದಿಣ್ಣೆ ಎಂದರೆ ಸಾಮಾನ್ಯ ಏರಲ್ಲ. ಅದರ ತುದಿ ಮುಟ್ಟಿದ ಕಾಗೆ ಕೂಡ ಅಲ್ಲಿಂದ ಮುಂದಕ್ಕೆ ಹಾರುವ ಮುನ್ನ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟು ಸುಧಾರಿಸಿಕೊಳ್ಳುತ್ತದೆ. ಗಾಡಿಯಲ್ಲಿದ್ದ ರೇಷ್ಮೆ ಬೆಳೆಗಾರರೆಲ್ಲ ಕೆಳಗಿಳಿದು, ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ನೂಕುತ್ತಿದ್ದರು. ಅವರಿಗೆ ಇದು ಹೊಸದೇನಲ್ಲ. ಸಿದ್ದರಾಮುವಿನ ಗಾಡಿಯಲ್ಲಿ ಅರ್ಧ ದಾರಿ ಕೂತು, ಅರ್ಧ ದಾರಿ ನೂಕಿ ಹೋಗುವುದು ಕೂಟಗಲ್ಲಿನ ಪದ್ಧತಿ. ರೇಷ್ಮೆ ಗೂಡೇನೋ ಹಗುರ. ಭಾರವೆಲ್ಲ ಅದನ್ನು ಬೆಳೆದವರದು. ಅದರಲ್ಲೂ ಮುಂದಿನ ಸೀಟಿನಲ್ಲಿ ಕಾಯಂ ಆಗಿ ಕೂರುವ ಪುಟ್ಟಗೌರಮ್ಮನದು.

ಪುಟ್ಟಗೌರಮ್ಮ ಎಂಥಾ ಏರಿಗೂ ಇಳಿಯುವವಳಲ್ಲ. ಇಳಿಯಿರಿ ಎನ್ನುವ ಧೈರ್ಯವೂ ಯಾರಿಗೂ ಇಲ್ಲ. ಆಕೆ ಬೆರಳು ತೋರಿಸಿದ ಗಾಡಿಗೇ ಊರಿನ ಗೂಡೆಲ್ಲ ಹತ್ತುವುದು. ಸಿದ್ದರಾಮುವಿನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಬೆರಳಿನಿಂದ.

ಅಷ್ಟರಲ್ಲಿ ಹಿಂದೆ 'ಪೀಂ' ಎಂದಿತು. ನೂಕುತ್ತಿದ್ದವರು ಕೋಳಿಮರಿಗಳ ಹಾಗೆ ಚದುರಿದರು. ಕಾಳಯ್ಯನ ಪಿಕಪ್ಪು, ಬೆನ್ನಮೇಲೆ ಟಾರ್ಪಾಲು ಬಿಗಿದ ಭಾರೀ ಲೋಡು ಹೊತ್ತು, ಥರ್ಡ್ ಗೇರಿನಲ್ಲಿ ಜಿಂಕೆಯ ಹಾಗೆ ನೆಗೆಯುತ್ತ ಪಕ್ಕಕ್ಕೆ ಬಂತು. ಸಾವನದುರ್ಗವನ್ನೇ ಬುಡಸಮೇತ ಕಿತ್ತು ಹೇರಿಕೊಂಡಿದ್ದಾನೇನೋ ಎನ್ನುವಷ್ಟು ಎತ್ತರದ ಲೋಡು!

"ಏನಣ್ಣಯ್ಯ, ಗಾಡಿ ತಪಸ್ಸಿಗೆ ನಿಂತದಾ?" ಎಂದು ಕಾಳಯ್ಯ ಕಿಟಕಿಯಿಂದ ತಲೆ ಹಾಕಿದ. "ಒಸಿ ಸೈಡ್ ಕೊಡು. ಚನ್ನಪಟ್ಟಣದಲ್ಲಿ ಅಸ್ಗರ್ ಸಾಬ್ರು ಬೊಂಬೆ ಮರಕ್ಕೆ ಕಾಯ್ತಾವ್ರೆ. ಎಲ್ಡು ಟನ್ ಐತೆ!"

ಹೇಳಿ ಮುಗಿಸುವಷ್ಟರಲ್ಲಿ ಅವನು ದಿಣ್ಣೆಯ ಆಚೆಗಿದ್ದ. ಉಳಿದದ್ದು ಧೂಳು. ಆ ಧೂಳೂ ಸಿದ್ದರಾಮುವಿನ ಬಾಯಿಗೇ ಬಂತು.

ಎರಡು ಟನ್! ಥರ್ಡ್ ಗೇರು! ಸಿದ್ದರಾಮುವಿಗೆ ಸಹಿಸಲಾಗದ ಸಂಗತಿ ಏನೆಂದರೆ, ಎರಡೂ ಗಾಡಿ ಒಂದೇ ಕಂಪನಿಯವು, ಒಂದೇ ವರ್ಷದವು, ಮಾಗಡಿಯ ಒಬ್ಬನೇ ದಲ್ಲಾಳಿಯ ಹತ್ತಿರ ಒಂದೇ ದಿನ ಕೊಂಡವು. ಕಲ್ಯ ಎಂಬ ಊರಿನಿಂದ ಬಂದಿದ್ದ ಮಾವ ಒಂದೇ ನಿಂಬೆಹಣ್ಣನ್ನು ಕುಯ್ದು ಇಬ್ಬರು ಅಳಿಯಂದಿರ ಗಾಡಿಗೂ ಅರ್ಧರ್ಧ ಕಟ್ಟಿದ್ದ. ರಸ ಜಾಸ್ತಿ ಇದ್ದ ಹೋಳು ಕಾಳಯ್ಯನ ಪಾಲಿಗೆ ಹೋಗಿರಬೇಕು ಎಂದು ಸಿದ್ದರಾಮುವಿಗೆ ಅಂದಿನಿಂದಲೂ ಗುಮಾನಿ.

"ನೋಡ್ಲಾ ಸಿದ್ರಾಮ," ಎಂದಳು ಪುಟ್ಟಗೌರಮ್ಮ, ಎಲೆಯಡಿಕೆ ಅಗಿಯುತ್ತ. "ಅವನ ಗಾಡಿ ಮದ್ವೆಗೋದಂಗೆ ಓಯ್ತದೆ. ನಿಂದು ತಿಥಿಗೋದಂಗೆ ಓಯ್ತದೆ. ಇವತ್ತು ಸಂಜೆ ನಮ್ಮ ಉಳಿದ ಗೂಡು ಬಿಡಿಸ್ತೀವಿ. ನಾಳೀಕೂ ಹಿಂಗೇ ನೂಕ್ಸುದ್ರೆ ನೋಡು."

"ನೂಕ್ಸಲ್ಲ ಕಣಕ್ಕ!" ಎಂದು ಸಿದ್ದರಾಮು ಸ್ಟಿಯರಿಂಗಿಗೆ ಗುದ್ದಿದ. "ನಾಳೆ ಇದೇ ದಿಣ್ಣೇಲಿ ಥರ್ಡ್ ಗೇರಲ್ಲಿ ಅವನ್ನ ಹಿಂದಾಕ್ದೆ ಇದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದೋನೇ ಅಲ್ಲ!"

ಗುದ್ದಿದ ಏಟಿಗೆ ಗಾಡಿ ಆಫ್ ಆಯಿತು. ಬೆಳೆಗಾರರು ಮತ್ತೆ ಪಂಚೆ ಎತ್ತಿ ಕಟ್ಟಿದರು.

ಗೂಡು ಇಳಿಸಿದ್ದೇ ತಡ, ಸಿದ್ದರಾಮು ರಾಮನಗರದ ಗಫಾರನ ಗ್ಯಾರೇಜಿಗೆ ಹೋದ. ಗಫಾರ್ ಮುಟ್ಟಿದ ಇಂಜಿನ್ನುಗಳಲ್ಲಿ ಎರಡು ಜಾತಿ. ಕೆಲವು ವಿಮಾನವಾಗುತ್ತವೆ, ಕೆಲವು ಗುಜರಿಯಾಗುತ್ತವೆ. ಯಾವುದು ಏನಾಗುತ್ತದೆ ಎನ್ನುವುದು ಮಾತ್ರ ಅವನ ಕೈಯಲ್ಲಿಲ್ಲ.

"ಪವರ್ರು ಬೇಕು ಗಫಾರ್ ಭಾಯ್. ನಾಳೆ ಬೆಳಿಗ್ಗೆ ಒಳಗೆ."

"ಟರ್ಬೊ ಕೂರ್ಸೋಣ. ರಾಕೆಟ್ ಆಯ್ತದೆ."

"ದುಡ್ಡಿಲ್ಲ."

"ಇಂಜಿನ್ ಇಳ್ಸಿ ಹೊಸಾ ಪಿಸ್ಟನ್ ಹಾಕೋಣ. ಕುದುರೆ ಆಯ್ತದೆ."

"ಅಷ್ಟೂ ಇಲ್ಲ."

"ಡೀಸೆಲ್ ಪಂಪ್ ಒಂದು ಮಾಡ್ಸು. ಕತ್ತೆನಾದ್ರೂ ಆಯ್ತದೆ."

"ಭಾಯ್, ಜೇಬಲ್ಲಿರೋದು ಟೀ ಕುಡಿಯೋಕೆ."

ಗಫಾರ್ ಸ್ಪಾನರ್ ಕೆಳಗಿಟ್ಟು ಆಕಾಶ ನೋಡಿದ. "ಹಂಗಾದ್ರೆ ದುವಾ ಮಾಡ್ತೀನಿ, ಹೋಗು ಸಿದ್ರಾಮಣ್ಣ."

ಸಿದ್ದರಾಮು ಅವನ ಕೈಹಿಡಿದು ದಿಣ್ಣೆಯ ಕತೆಯನ್ನೆಲ್ಲ ಹೇಳಿಕೊಂಡ. ಷಡ್ಡಕ, ಎರಡು ಟನ್, ಥರ್ಡ್ ಗೇರು. ಅಷ್ಟು ಕೇಳಿದ್ದೇ ಗಫಾರನ ಮುಖ ಮಾಗಿದ ಬಾದಾಮಿ ಮಾವಿನ ಹಾಗೆ ಕರಗಿತು. ಅವನಿಗೂ ಒಬ್ಬ ಷಡ್ಡಕನಿದ್ದ, ಮೈಸೂರು ರಸ್ತೆಯಲ್ಲಿ ಎಸಿ ಹಾಕಿಸಿದ ಗ್ಯಾರೇಜು ಇಟ್ಟುಕೊಂಡು ಕೂತಿದ್ದ.

"ಬಿಟ್ಟಿಯಾಗೇ ಮಾಡ್ಕೊಡ್ತೀನಿ ಬಾ!" ಎಂದು ಹಲ್ಲು ಕಡಿದು ಬಾನೆಟ್ ಎತ್ತಿದ.

ಗಾಳಿ ಸೋಸುವ ಏರ್ ಫಿಲ್ಟರಿನ ಮುಚ್ಚಳ ಬಿಚ್ಚಿದ. ಒಳಗೆ ಬಿಳೀ ಬೆಕ್ಕೊಂದು ಮುದುರಿ ಮಲಗಿದಂತಿತ್ತು. ಅದು ವರ್ಷಗಟ್ಟಲೆ ಗೂಡಿನ ಮೂಟೆಗಳಿಂದ ಹಾರಿ ಬಂದು ಸೇರಿಕೊಂಡಿದ್ದ ರೇಷ್ಮೆಯ ನವಿರು ನೂಲು. ಗಫಾರ್ ತುದಿ ಹಿಡಿದು ಎಳೆದ. ಎಳೆದ. ಎಳೆಯುತ್ತ ರಸ್ತೆ ದಾಟಿ ಎದುರಿನ ಟೀ ಅಂಗಡಿಗೆ ಹೋಗಿ, ಟೀ ಕುಡಿದು, ಮತ್ತೆ ಎಳೆದ.

"ಇದ್ರಲ್ಲಿ ಎರಡು ಮದ್ವೆ ಸೀರೆ ಆಯ್ತದೆ ಅಣ್ಣ! ಮೂಗಲ್ಲಿ ಸೀರೆ ಇಟ್ಕೊಂಡು ಗಾಡಿ ಉಸಿರಾಡೋದೆಂಗೆ?"

"ಹೊಸಾ ಫಿಲ್ಟರ್ರು?"

"ದುಡ್ಡು?"

ಸಿದ್ದರಾಮು ನೆಲ ನೋಡಿದ. ಗಫಾರ್ ಫಿಲ್ಟರನ್ನು ಕಿತ್ತು ಬಿಸಾಡಿದ. "ಬಿಟ್ಟಾಕು. ಮೂಗೇ ಇಲ್ದಿದ್ರೆ ಗಾಳಿ ಸೀದಾ ಒಳಿಕೆ." ಆಮೇಲೆ ಸೈಲೆನ್ಸರನ್ನು ಕಳಚಿ, ಒಳಗಿದ್ದುದನ್ನೆಲ್ಲ ಸರಳಿನಿಂದ ಚುಚ್ಚಿ ಚುಚ್ಚಿ ತೆಗೆದು, ಬರೀ ಕೊಳವೆ ಮಾಡಿ ಕಟ್ಟಿದ. ಕೊನೆಗೆ ಸಿದ್ದರಾಮುವಿನ ಕಿವಿಯ ಹತ್ತಿರ ಬಂದು, "ಒಂದು ಗುಟ್ಟು ಹೇಳ್ತೀನಿ. ದುಡ್ಡು ಕೊಟ್ರೆ ಪವರ್ ಜಾಸ್ತಿ ಮಾಡ್ಬೋದು. ದುಡ್ಡಿಲ್ದೋರು ಭಾರ ಕಮ್ಮಿ ಮಾಡ್ಬೇಕು. ಎರಡೂ ಒಂದೇ ಲೆಕ್ಕ!" ಎಂದ.

ಗಾಡಿ ಸ್ಟಾರ್ಟ್ ಮಾಡಿದ ಸದ್ದಿಗೆ ರಾಮದೇವರ ಬೆಟ್ಟದ ರಣಹದ್ದುಗಳು ಎದ್ದು ಹಾರಿದವು. ಅವುಗಳಲ್ಲಿ ಒಂದೆರಡು ಇನ್ನೂ ಕೆಳಗಿಳಿದಿಲ್ಲ.

ಸಂಜೆ ಹೊತ್ತಿಗೆ ಕೂಟಗಲ್ಲಿನ ಮನೆ ಮುಂದೆ ಸಿದ್ದರಾಮು ಭಾರ ಇಳಿಸುವ ಯಜ್ಞ ಶುರುಮಾಡಿದ್ದ. ಸ್ಟೆಪ್ನಿ ಟೈರು ಹೋಯಿತು. ಜಾಕು ಹೋಯಿತು. ಹಿಂದಿನ ಬಾಗಿಲು ಹೋಯಿತು. ಹೆಂಡತಿ ವನಜಾಕ್ಷಿ ಹೊಸಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏನಂದ್ರೆ, ಇದೇನು ಗಾಡಿನ ಕೋಳಿ ತರ್ದಂಗೆ ತರೀತಾ ಇದ್ದೀರಾ?"

"ಭಾರ ಇಳಿಸ್ತಿದ್ದೀನಿ ಕಣೇ. ಭಾರ ಇಳಿದ್ರೆ ಪವರ್ರು."

"ಇಳಿಸಿ, ಇಳಿಸಿ. ನಮ್ಮ ನಾಗಲಕ್ಷ್ಮಿ ಫೋನ್ ಮಾಡಿದ್ಲು. ಅವಳ ಗಂಡ ಎಲ್ಡು ಟನ್ ಮರ ಹೇರ್ಕಂಡು ನಿಮ್ಮನ್ನ ಹಿಂದಾಕಿ ಓದ್ನಂತೆ. 'ಭಾವ ಚೆನ್ನಾಗವ್ರಾ ಅಕ್ಕ? ಪಾಪ' ಅಂದ್ಲು." ವನಜಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಪಾಪ ಅಂದ್ಲು ಕಣ್ರೀ! ನನ್ನ ಕೈಯಲ್ಲಿ ಜಡೆ ಹಾಕಿಸ್ಕಂಡೋಳು, ನಂಗೇ ಪಾಪ ಅಂದ್ಲು!"

ಆ 'ಪಾಪ' ಸಿದ್ದರಾಮುವಿನ ಎದೆಗೆ ಕತ್ತಾಳೆ ಮುಳ್ಳಿನ ಹಾಗೆ ನಾಟಿತು. ಇಷ್ಟು ಹೊತ್ತು ಬೇಕೋ ಬೇಡವೋ ಎಂದು ಅನುಮಾನಿಸಿ ಬಿಟ್ಟಿದ್ದವೂ ಬಿಚ್ಚಿಕೊಂಡವು. ಕನ್ನಡಿ ಹೋಯಿತು. ಬಂಪರ್ ಹೋಯಿತು. ಕೊನೆಗೆ ಪುಟ್ಟಗೌರಮ್ಮ ಕೂರುವ ಮುಂದಿನ ಸೀಟು! ಅದನ್ನೂ ನಟ್ಟು ಬಿಚ್ಚಿ ಜಗಲಿಗಿಟ್ಟು, ಆ ಜಾಗದಲ್ಲಿ ಬಣ್ಣದ ಖಾಲಿ ಬಕೆಟ್ಟೊಂದನ್ನು ಬೋರಲು ಹಾಕಿದ.

ಇಂಥ ಸಮಾರಂಭಕ್ಕೆ ಪಕ್ಕದ ಮನೆಯ ದೊಡ್ಡಲಕ್ಷ್ಮಮ್ಮ ಬಾರದಿದ್ದರೆ ನಡೆಯುತ್ತದೆಯೇ? ಬಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಇದಕ್ಕೆ ರಿಪೇರಿ ಅಲ್ಲ ಕಣಪ್ಪ ಬೇಕಾಗಿರೋದು. ದೃಷ್ಟಿ ಆಗೈತೆ. ನಿನ್ನ ಷಡ್ಡಕನ ಕಣ್ಣು ಬಿದ್ದೈತೆ ಇದರ ಮೇಲೆ."

"ಅವನಿಗ್ಯಾಕಮ್ಮ ನನ್ನ ಗಾಡಿ ಮೇಲೆ ಕಣ್ಣು? ನಾನೇ ಅವನ ಗಾಡಿ ನೋಡಿ ಸಾಯ್ತಾ ಇವ್ನಿ."

"ನಿಂಗೇನು ಗೊತ್ತು, ಸುಮ್ಕಿರು. ಇಂಜಿನ್ ಸ್ಟಾರ್ಟ್ ಮಾಡು."

ದೊಡ್ಡಲಕ್ಷ್ಮಮ್ಮ ಒಂದು ಹಿಡಿ ಒಣಮೆಣಸಿನಕಾಯಿ, ಕಲ್ಲುಪ್ಪು, ಪೊರಕೆಕಡ್ಡಿ ಹಿಡಿದು ಗಾಡಿಗೆ ನಿವಾಳಿಸಿ, ಬಾನೆಟ್ಟಿನ ಎದುರಿಗೇ ಕೆಂಡದ ಬಾಣಲೆಗೆ ಸುರಿದಳು. ಫಿಲ್ಟರಿಲ್ಲದ ಇಂಜಿನ್ನು ಆ ಘಾಟನ್ನು ಒಂದೇ ಉಸಿರಿಗೆ ಎಳೆದುಕೊಂಡಿತು. ಕೆಮ್ಮಿತು. ಸೀನಿತು. ಆಮೇಲೆ ಸೈಲೆನ್ಸರಿಲ್ಲದ ಕೊಳವೆಯಿಂದ ಇಡೀ ಬೀದಿಗೆ ಉಗುಳಿತು. ಹಸುಗಳು ಹಗ್ಗ ಕಿತ್ತುಕೊಂಡವು. ಮೂಲೆಮನೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕ ಎದ್ದು ಕೆರೆಯ ಕಡೆ ಓಡಿದ. ಬೀದಿಯವರೆಲ್ಲ ಕಣ್ಣೀರು ಸುರಿಸುತ್ತ ಸಿದ್ದರಾಮುವಿನ ವಂಶವನ್ನು ನೆನೆದರು.

"ನೋಡ್ದಾ," ಎಂದಳು ದೊಡ್ಡಲಕ್ಷ್ಮಮ್ಮ ಸೆರಗಿನಿಂದ ಮೂಗೊರೆಸುತ್ತ, "ಎಂಥಾ ದೃಷ್ಟಿ ಆಗಿತ್ತು!"

ಮರುದಿನ ಬೆಳಕು ಹರಿಯುತ್ತಲೇ ಗೂಡಿನ ಮೂಟೆಗಳು ಬಂದವು. ಪುಟ್ಟಗೌರಮ್ಮ ಗಾಡಿಯ ಮುಂದಿನ ಬಾಗಿಲು ತೆರೆದು, ಬಕೆಟ್ಟನ್ನು ನೋಡಿ, ಆಮೇಲೆ ಸಿದ್ದರಾಮುವನ್ನು ನೋಡಿದಳು.

"ನನ್ನ ಸೀಟೆಲ್ಲೋ?"

"ಭಾರ ಆಯ್ತಿತ್ತು ಕಣಕ್ಕ, ತೆಗ್ದುಬುಟ್ಟೆ. ಒಂದಿನಕ್ಕೆ ಒಸಿ ಅನುಸರಿಸ್ಕೋ."

ಪುಟ್ಟಗೌರಮ್ಮ ತುಟಿಪಿಟಿಕ್ಕೆನ್ನದೆ ಬಕೆಟ್ಟಿನ ಮೇಲೆ ಕೂತಳು. ಬಾಯಿ ಮುಚ್ಚಿದ ಪುಟ್ಟಗೌರಮ್ಮನನ್ನು ಕೂಟಗಲ್ಲು ಅದುವರೆಗೆ ನೋಡಿರಲಿಲ್ಲ. ಬುದ್ಧಿಯಿದ್ದವನಾದರೆ ಅಲ್ಲೇ ಹೆದರಬೇಕಿತ್ತು. ಸಿದ್ದರಾಮುವಿಗೆ ಬುದ್ಧಿಯಿದ್ದ ಜಾಗದಲ್ಲಿ ಆಗ ಥರ್ಡ್ ಗೇರು ಕೂತಿತ್ತು. ಹಿಂದೆ ಬಾಗಿಲಿಲ್ಲದ ಗಾಡಿಯಲ್ಲಿ ಬೆಳೆಗಾರರು ಮೂಟೆಗಳನ್ನು ಮಕ್ಕಳ ಹಾಗೆ ಅವಚಿಕೊಂಡು ಕೂತರು.

ದಿಣ್ಣೆಯ ಬುಡ ಬಂತು. ಗಾಡಿ ನಿನ್ನೆಗಿಂತ ಜೋರಾಗಿ ಕಿರುಚಿತೇ ಹೊರತು ನಿನ್ನೆಗಿಂತ ಜೋರಾಗಿ ಹತ್ತುವ ಲಕ್ಷಣ ಕಾಣಲಿಲ್ಲ. ಸೆಕೆಂಡ್ ಗೇರಿಗೇ ಏದುಸಿರು. ಅಷ್ಟರಲ್ಲಿ ಹಿಂದೆ, ದೂರದ ತಿರುವಿನಲ್ಲಿ, ಟಾರ್ಪಾಲಿನ ಬೆಟ್ಟ ಕಾಣಿಸಿತು. ಕಾಳಯ್ಯ!

ಸಿದ್ದರಾಮು ಗಕ್ಕನೆ ಬ್ರೇಕ್ ಹಾಕಿದ. "ಎಲ್ಲಾ ಇಳೀರಿ!"

ಬೆಳೆಗಾರರು ಅಭ್ಯಾಸಬಲದಿಂದ ಧುಮುಕಿ ಪಂಚೆ ಎತ್ತಿ ಕಟ್ಟಿದರು.

"ನೂಕೋದು ಬ್ಯಾಡ. ಮೂಟೇನೂ ಇಳಿಸ್ರಿ. ಅಕ್ಕ, ನೀನೂ ಒಸಿ ಇಳಿ."

"ನಾನಾ?" ಎಂದಳು ಪುಟ್ಟಗೌರಮ್ಮ.

"ಒಂದೇ ಒಂದ್ಸಲ ಕಣಕ್ಕ! ಬರೀ ಗಾಡಿ ಮೇಲತ್ತಿಸ್ಬುಟ್ಟು, ಅವನ್ನ ಹಿಂದಾಕಿ, ಅಂಗೇ ವಾಪಸ್ ಬಂದು ನಿಮ್ಮೆಲ್ಲಾರ್ನೂ ಏರ್ಕಂಡೋಯ್ತೀನಿ. ನನ್ನ ಮರ್ವಾದೆ ಪ್ರಶ್ನೆ!"

"ಗೂಡು ಇಳಿಸಿ ಗೂಡಿನ ಗಾಡಿ ಓಡ್ಸೋದಾ? ಮದ್ವೆ ಎಣ್ಣನ್ನ ದಾರೀಲಿ ಬುಟ್ಟು ದಿಬ್ಬಣ ಮುಂದಕ್ಕೋದಂಗಾಯ್ತು ಕಣ್ಲಾ! ಮಾರ್ಕೆಟ್ಟಿಗೆ ಹೊತ್ತಾಯ್ತದೆ!"

ಆ ಮಾತು ಕೇಳಲು ಸಿದ್ದರಾಮು ಅಲ್ಲಿರಲಿಲ್ಲ. ಖಾಲಿ ಪಿಕಪ್ಪು ಬಾಲಕ್ಕೆ ಪಟಾಕಿ ಕಟ್ಟಿದ ಹೋರಿಯ ಹಾಗೆ ಚಿಮ್ಮಿತು. ಸೆಕೆಂಡ್! ಥರ್ಡ್! ಹೌದು, ಒಂಟಿಕಲ್ಲು ದಿಣ್ಣೆಯಲ್ಲಿ ಥರ್ಡ್ ಗೇರು! ಗಾಡಿಯ ನಾಲ್ಕು ಚಕ್ರದಲ್ಲಿ ಎರಡು ಮಾತ್ರ ನೆಲ ಮುಟ್ಟುತ್ತಿದ್ದವು. ಅವೂ ಬರೀ ದಾಕ್ಷಿಣ್ಯಕ್ಕೆ. ಪಕ್ಕದ ಬಂಡೆಗಳು ಹಿಂದಕ್ಕೆ ಓಡಿದವು. ಸಿದ್ದರಾಮು ಕಿರುಚಿದ, ಹಾಡಿದ, ಅತ್ತ. ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ತುದಿಯಲ್ಲಿದ್ದ.

ಗಾಡಿ ನಿಲ್ಲಿಸಿ, ಇಳಿದು, ಮೀಸೆ ತಿರುವಿ ನಿಂತ. ಕಾಳಯ್ಯ ಬಂದ ಕೂಡಲೇ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡ. 'ಏನ್ಲಾ ಕಾಳಯ್ಯ, ಲೇಟಾಯ್ತಲ್ಲ? ಪಾಪ.' ಆ 'ಪಾಪ'ವನ್ನು ಬೇರೆ ಬೇರೆ ರಾಗದಲ್ಲಿ ಹೇಳಿ ನೋಡಿದ.

ಕಾಳಯ್ಯ ಬರಲಿಲ್ಲ.

ಸಿದ್ದರಾಮು ಬೀಡಿ ಹಚ್ಚಿದ. ಬೀಡಿ ಮುಗಿಯಿತು. ಕಾಳಯ್ಯ ಬರಲಿಲ್ಲ. ಸೋತ ಅವಮಾನಕ್ಕೆ ಊರಿಗೆ ವಾಪಸ್ ಹೋಗಿರಬೇಕು ಎಂದುಕೊಂಡು ಎದೆಯನ್ನು ಇನ್ನಷ್ಟು ಉಬ್ಬಿಸಿದ. ಆಗ ಕೆಳಗಿನಿಂದ ಒಂದು ಸದ್ದು ಕೇಳಿಸಿತು. ನರಳಾಟ. ಫಸ್ಟ್ ಗೇರಿನ, ಹೊಟ್ಟೆಯಾಳದ, ಎಮ್ಮೆಯ ನರಳಾಟ. ತನ್ನ ಗಾಡಿಯದೇ ಎಂದು ಬೆಚ್ಚಿ ಸಿದ್ದರಾಮು ಹಿಂದಿರುಗಿ ನೋಡಿದ. ತನ್ನದು ತಣ್ಣಗೆ ನಿಂತಿತ್ತು.

ಏರು ಹತ್ತಿ ಬಂದದ್ದು ಕಾಳಯ್ಯನ ಪಿಕಪ್ಪು. ಟಾರ್ಪಾಲಿನ ಬೆಟ್ಟ ಮಾಯವಾಗಿತ್ತು. ಅದರ ಜಾಗದಲ್ಲಿ ಕೂಟಗಲ್ಲಿನ ಗೂಡಿನ ಮೂಟೆಗಳು ತುಂಬಿ ತುಳುಕುತ್ತಿದ್ದವು. ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಪುಟ್ಟಗೌರಮ್ಮ. ಹಿಂದೆ ಬೆಳೆಗಾರರು ಪಂಚೆ ಎತ್ತಿ ಕಟ್ಟಿ 'ಐಸಾ' ಎಂದು ನೂಕುತ್ತಿದ್ದರು. ಬೆವರು ಸುರಿಯುತ್ತಿದ್ದ ಕಾಳಯ್ಯನ ಮುಖದಲ್ಲಿ ಹಸೆಮಣೆಯ ಮೇಲಿನ ಮದುಮಗನ ಕಳೆಯಿತ್ತು.

"ಏನ್ಲಾ ಕಾಳಯ್ಯ..." ಎಂದು ಶುರುಮಾಡಿದ ಸಿದ್ದರಾಮುವಿಗೆ ಮುಂದಿನ ಮಾತು ಮರೆತುಹೋಯಿತು. "ಎಲ್ಡು ಟನ್ ಮರ ಎಲ್ಲೋ?"

ಪುಟ್ಟಗೌರಮ್ಮ ಕಿಟಕಿಯಿಂದ ಎಲೆಯಡಿಕೆ ಉಗಿದು ನಕ್ಕಳು. "ಮರವಂತೆ ಮರ! ರಸ್ತೆ ಮಧ್ಯ ನಿಂತು ಅಡ್ಡ ಹಾಕ್ದೆ. ಮರ ಇಳಿಸು, ಗೂಡು ಏರಿಸು ಅಂದೆ. ಒಲ್ಲೆ ಅಂದ. ನಾನೇ ಟಾರ್ಪಾಲು ಕಿತ್ತೆ. ಒಳಗೆ ಏನೈತೆ? ಮುರುಕಲು ಚಂದ್ರಿಕೆ!"

ಚಂದ್ರಿಕೆ ಎಂದರೆ ರೇಷ್ಮೆಹುಳು ಗೂಡು ಕಟ್ಟಲೆಂದು ಇಡುವ ಬಿದಿರಿನ ತಟ್ಟಿ. ಜೋರಾಗಿ ಸೀನಿದರೆ ಹತ್ತು ತಟ್ಟಿ ಹಾರಿಹೋಗುತ್ತವೆ. ಅಂಥ ಹಳೇ ಚಂದ್ರಿಕೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಟಾರ್ಪಾಲು ಬಿಗಿದಿದ್ದ ಕಾಳಯ್ಯ. ಸಾವನದುರ್ಗದ ಒಳಗೆ ಬರೀ ಗಾಳಿ!

ಕಾಳಯ್ಯ ಕೆಳಗಿಳಿದು ಬಂದು ಷಡ್ಡಕನ ಕೈ ಹಿಡಿದುಕೊಂಡ. "ಏನ್ಮಾಡ್ಲಣ್ಣಯ್ಯ, ಗಾಡಿ ತಗಂಡಾಗಿಂದ ಒಂದು ಬಾಡಿಗೆ ಹುಟ್ಟಲಿಲ್ಲ. ಅಸ್ಗರ್ ಸಾಬ್ರು ಒಂದ್ಸಲ ಟೀ ಕುಡಿಸಿದ್ರು, ಅಷ್ಟೆ. ನಾಗಲಕ್ಷ್ಮಿ ಕಣ್ಣಿಗೆ ಖಾಲಿ ಗಾಡಿ ಬೀಳಿಸಕ್ಕಾಯ್ತದಾ? ತೋಟದ ಮನೇಲಿ ಇದನ್ನ ಕಟ್ಕಂಡು, ದಿನಾ ಚನ್ನಪಟ್ಟಣಕ್ಕೋಗಿ, ಮರದ ನೆಳ್ಳಲ್ಲಿ ಮಲ್ಕಂಡು ಎದ್ದು ಬತ್ತಿದ್ದೆ. ಈ ದಿಣ್ಣೇಲಿ ನಿನ್ನ ಗಾಡಿ ಲೋಡ್ ಹೊತ್ಕಂಡು ನರಳೋದು ಕೇಳ್ದಾಗೆಲ್ಲ ನನ್ನ ಹೊಟ್ಟೆ ಎಂಗೆ ಉರೀತಿತ್ತು ಗೊತ್ತಾ? ಆ ನರಳಾಟ ನನ್ನ ಗಾಡಿಗೆ ಯಾವಾಗ ಬತ್ತದೋ ಅಂತ ನಿದ್ದೆ ಬತ್ತಿರಲಿಲ್ಲ." ಅವನು ತನ್ನ ಬಾನೆಟ್ಟಿನ ಮೇಲೆ ಕೈಯಾಡಿಸಿದ. "ಇವತ್ತು ಬಂತು. ಕೇಳುಸ್ತಾ ಅಣ್ಣಯ್ಯ? ಎಂಥಾ ನರಳಾಟ!"

ಸಿದ್ದರಾಮುವಿಗೆ ಕೇಳಿಸಿತ್ತು. ಇಷ್ಟು ದಿನ ತನ್ನದೇ ಆಗಿದ್ದ ಆ ನರಳಾಟ ಈಗ ಬೇರೆಯವನ ಬಾನೆಟ್ಟಿನಡಿಯಿಂದ ಬಂದಾಗ ಇಷ್ಟು ಇಂಪಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

"ಅಕ್ಕ," ಎಂದ ಮೆಲ್ಲಗೆ, "ಮೂಟೆ ನನ್ನ ಗಾಡಿಗೆ ಹಾಕ್ಸು. ಇನ್ಮೇಲೆ ಫಸ್ಟ್ ಗೇರ್ ಬುಟ್ಟು ಮೇಲಕ್ಕೇ ಓಗಲ್ಲ. ಆಣೆ."

"ಆಗಾಕಿಲ್ಲ. ಇನ್ಮೇಲೆ ಕೂಟಗಲ್ಲಿನ ಗೂಡು ಕಾಳಯ್ಯನ ಗಾಡೀಲೆ. ಅವನು ಸುಳ್ಳು ಮರ ಹೇರಿದ್ರೂ ನಿಜವಾದ ಸೀಟ್ ಮಡಗವ್ನೆ." ಆಮೇಲೆ ಸಿದ್ದರಾಮುವಿನ ಮುಖ ನೋಡಿ ಪುಟ್ಟಗೌರಮ್ಮನ ಮನಸ್ಸು ಕೊಂಚ ಕರಗಿತು. "ಅಂಗಂತ ನಿನ್ನ ಕೈ ಬುಡಾಕಿಲ್ಲ ಕಣ್ಲಾ. ನಿನಗೂ ದಿನಾ ಕೆಲ್ಸ ಕೊಡ್ತೀನಿ."

ಸಿದ್ದರಾಮುವಿನ ಕಣ್ಣು ಅರಳಿತು. "ಏನಕ್ಕ?"

"ಈ ಗಾಡಿ ನರಳ್ಕಂಡು ಮಾರ್ಕೆಟ್ ಸೇರೋ ಹೊತ್ಗೆ ಒಳ್ಳೆ ಜಾಗೆಲ್ಲ ತುಂಬೋಗಿರ್ತವೆ. ಬಾಗಿಲ ತಾವ ಒಳ್ಳೆ ಬೆಳಕು ಬೀಳ್ತದಲ್ಲ, ಅಲ್ಲಿ ಗೂಡು ಸುರು‌ದ್ರೆ ರೇಟು ಜಾಸ್ತಿ. ನಿನ್ನ ಗಾಡಿ ಎಂಗೂ ಜೋರಾಗೋಯ್ತದೆ..."

ಅಷ್ಟು ಹೇಳಿ ಆಕೆ ಪಕ್ಕದಲ್ಲಿ ನಿಂತಿದ್ದ ಬೆಳೆಗಾರನ ಹೆಗಲಿನಿಂದ ಕೆಂಪು ಟವೆಲ್ಲೊಂದನ್ನು ಎಳೆದು ಸಿದ್ದರಾಮುವಿನ ಕೈಗೆಸೆದಳು.

"ಮುಂದೋಗಿ ಇದನ್ನ ಹಾಕಿ ಜಾಗ ಹಿಡಿದಿರು, ನಾವು ಬರೋಗಂಟ."

ಅಂದಿನಿಂದ ದಿನಾ ಬೆಳಿಗ್ಗೆ ಒಂಟಿಕಲ್ಲು ದಿಣ್ಣೆಯ ಬುಡದಲ್ಲಿ ನಿಂತವರಿಗೆ ಆ ದೃಶ್ಯ ಕಾಣುತ್ತದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ತಾಲ್ಲೂಕು ಜಾಲಾಡಿದರೂ ಸಿಗದಷ್ಟು ಬಲಶಾಲಿಯಾದ ಒಂದು ಹಳೇ ಪಿಕಪ್ಪು ಗುಡುಗುತ್ತ, ಬೆಂಕಿಯುಗುಳುತ್ತ, ಥರ್ಡ್ ಗೇರಿನಲ್ಲಿ ಏರನ್ನು ಹಾರಿ ದಾಟುತ್ತದೆ. ಅದರ ಲೋಡು ಒಂದು ಟವೆಲ್ಲು.